ಬೆನ್ನುಮೂಳೆ ಸರ್ಜರಿಯ ನಡುವೆ ಕೈ, ಕಾಲು ಎರಡರಲ್ಲೂ ಎಂಇಪಿ (ನೆತ್ತಿಯ ಮೂಲಕ ಮಿದುಳಿಗೆ ವಿದ್ಯುತ್ ಪ್ರಚೋದನೆ ಕೊಟ್ಟು ಸ್ನಾಯುಗಳಲ್ಲಿ ಅಳೆಯುವ ಸಿಗ್ನಲ್) ಒಟ್ಟಿಗೆ ಬಿದ್ದರೆ ಏನು ಮಾಡಬೇಕು ಎಂದು ಕೇಳಿದ್ದೀರಿ.
ಹೆಚ್ಚಾಗಿ ಇದು ಅರಿವಳಿಕೆಯ ಪರಿಣಾಮ. ಸರ್ಜರಿ ಎದೆಮಟ್ಟದ ಬೆನ್ನುಮೂಳೆಯದು ಅಂದಿದ್ದೀರಿ. ಅಲ್ಲಿ ಬೆನ್ನುಹುರಿಗೆ ಪೆಟ್ಟಾದರೆ ಕಾಲಿನ ಎಂಇಪಿ ಮಾತ್ರ ಹೋಗಬೇಕು, ಕೈಯದು ಉಳಿಯಬೇಕು, ಅಲ್ವಾ?

ಸಿಗ್ನಲ್ ಬಿದ್ದಿದೆ ಎಂದು ಮೊದಲು ಸರ್ಜನ್‌ಗೂ ಅರಿವಳಿಕೆ ವೈದ್ಯರಿಗೂ ಹೇಳಿಬಿಡಿ. ಕಾರಣ ಆಮೇಲೆ ಹುಡುಕಿದರಾಯಿತು. ನಂತರ ಟ್ರೈನ್ ಆಫ್ ಫೋರ್ (ನರಕ್ಕೆ 4 ಬಾರಿ ವಿದ್ಯುತ್ ಪ್ರಚೋದನೆ ಕೊಟ್ಟು ಸ್ನಾಯುವಿನ ಸೆಳೆತ ನೋಡುವ ಪರೀಕ್ಷೆ) ನೋಡಿ. 4 ಸೆಳೆತವೂ ಚೆನ್ನಾಗಿ ಬರದಿದ್ದರೆ ಸ್ನಾಯು ಸಡಿಲಿಸುವ ಔಷಧಿಯ ಮೇಲೇ ಅನುಮಾನ. ಬಂದರೆ, ಅರಿವಳಿಕೆ ಅನಿಲ ಸೆವೊಫ್ಲುರೇನ್ ಏರಿಸಿದ್ದಾರಾ, ಅರಿವಳಿಕೆ ಔಷಧಿ ಪ್ರೊಪೊಫಾಲ್‌ನ ಬೋಲಸ್ (ಒಮ್ಮೆಗೇ ಕೊಡುವ ಡೋಸ್) ಹೋಯಿತಾ, ಬಿಪಿ ಇಳಿದಿದೆಯಾ ಕೇಳಿ. ಪ್ರಚೋದನೆ ಕೊಡುವ ನೆತ್ತಿಯ ಸೂಜಿ ಕಳಚಿಕೊಂಡರೂ ಹೀಗೇ ಕಾಣುತ್ತದೆ, ಸೂಜಿಯ ಇಂಪೀಡೆನ್ಸ್ (ವಿದ್ಯುತ್ ತಡೆ) ನೋಡಿ. ಸುಮ್ನೆ ವೋಲ್ಟೇಜ್ ಏರಿಸುತ್ತಾ ಹೋಗಬೇಡಿ, ನಿಜವಾದ ಬದಲಾವಣೆ ಅದರಲ್ಲಿ ಮುಚ್ಚಿಹೋಗಬಹುದು.

ಕೈಯದು ಮರಳಿ, ಕಾಲಿನದು ಬರದಿದ್ದರೆ ಮಾತ್ರ ಲೆಕ್ಕವೇ ಬೇರೆ, ಹುರಿಗೇ ಪೆಟ್ಟಾಗಿರಬಹುದು. ಆಗ ಒಂದು ಕ್ಷಣವೂ ಕಾಯದೆ ಸರ್ಜನ್‌ಗೆ ತಿಳಿಸಿ.