ಕ್ಯಾಂಪ್‌ಗ್ರೌಂಡ್ ಸದಸ್ಯತ್ವ ಕಾರ್ಡ್‌ಗಳಲ್ಲಿ ಯಾವುದಕ್ಕೆ ಹಣ ಕಟ್ಟಬೇಕು?

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿದ್ದೀರಿ, ಇದುವರೆಗೆ ಟೆಂಟ್ ಹಾಕುತ್ತಿದ್ದವರು ಈಗ ಕಾರಿನ ಹಿಂದೆ ಎಳೆದೊಯ್ದು ಒಳಗೇ ಮಲಗುವಂಥ ಹಳೆಯ ಟ್ರೇಲರ್ ಒಂದನ್ನು ಕೊಂಡಿದ್ದೀರಿ, ವರ್ಷಕ್ಕೆ ಹದಿನೆಂಟು ಇಪ್ಪತ್ತು ರಾತ್ರಿ ಹೊರಗೆ ಕಳೆಯುತ್ತೀರಿ, ಬೇಸಿಗೆಯಲ್ಲಿ ಅಪ್ಪ ಅಮ್ಮನೂ ಜೊತೆಗಿರುತ್ತಾರೆ. ಕೆಒಎ, ಗುಡ್ ಸ್ಯಾಮ್, ಪಾಸ್‌ಪೋರ್ಟ್ ಅಮೆರಿಕ, ಥೌಸಂಡ್ ಟ್ರೇಲ್ಸ್ ಎಂಬ ಕ್ಯಾಂಪ್‌ಗ್ರೌಂಡ್ (ಟೆಂಟ್, ಟ್ರೇಲರ್ ಹಾಕಿಕೊಂಡು ತಂಗುವ ಜಾಗ) ಸದಸ್ಯತ್ವಗಳಲ್ಲಿ ಯಾವುದಕ್ಕೆ ಸೇರಿದರೆ ಹೆಚ್ಚು ಲಾಭ? ಒಂಬತ್ತು ವರ್ಷಗಳಿಂದ ನಮ್ಮ ಮನೆಯವರೆಲ್ಲ ಹೀಗೆ ತಿರುಗುತ್ತಿದ್ದೇವೆ. ಕೆಲವು ಸದಸ್ಯತ್ವಗಳನ್ನು ವರ್ಷ ವರ್ಷವೂ ನವೀಕರಿಸಿದ್ದೇನೆ, ಕೆಲವನ್ನು ಒಂದೇ ವರ್ಷಕ್ಕೆ ಕೈಬಿಟ್ಟಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ.

ಕಾರ್ಡ್‌ಗಳ ವಿಷಯ ಆಮೇಲೆ. ಮೊದಲು ಕಳೆದ ವರ್ಷ ನೀವು ತಂಗಿದ ಒಂದೊಂದು ರಾತ್ರಿಯನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಯಾವ ಜಾಗ, ವಾರದ ಯಾವ ದಿನ, ಸರ್ಕಾರಿಯೋ ಖಾಸಗಿಯೋ, ಎಷ್ಟು ಕೊಟ್ಟಿರಿ, ಇಷ್ಟು ಸಾಕು. ನಾನು ಈ ಪಟ್ಟಿಯನ್ನು ಮೊದಲ ಸಲ ಮಾಡಿದ್ದು ಮೂರನೆಯ ವರ್ಷದ ಕೊನೆಯಲ್ಲಿ. ಆ ವರ್ಷ 22 ರಾತ್ರಿ ಹೊರಗಿದ್ದೆವು. ಅದರಲ್ಲಿ 14 ರಾತ್ರಿ ರಾಜ್ಯ ಉದ್ಯಾನಗಳಲ್ಲಿ ಮತ್ತು ಕೇಂದ್ರ ಸರ್ಕಾರದ ಜಾಗಗಳಲ್ಲಿ ಕಳೆದಿದ್ದವು. ನನ್ನ ಪರ್ಸಿನಲ್ಲಿದ್ದ ಖಾಸಗಿ ಕಾರ್ಡ್‌ಗಳು ಆ ಹದಿನಾಲ್ಕು ರಾತ್ರಿಗಳಿಗೆ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಉಳಿದ ಎಂಟರಲ್ಲಿ ಒಂದೇ ಸರಪಳಿಗೆ, ಅಂದರೆ ಒಂದೇ ಹೆಸರಿನಡಿ ನಡೆಯುವ ಕ್ಯಾಂಪ್‌ಗ್ರೌಂಡ್‌ಗಳ ಗುಂಪಿಗೆ, ಸೇರಿದ್ದು ಮೂರೇ ರಾತ್ರಿ. ಎರಡು ಸದಸ್ಯತ್ವಗಳನ್ನು ಅಂದೇ ನಿಲ್ಲಿಸಿದೆ.

ಶೇ 10ರ ರಿಯಾಯಿತಿ ಕೊಡುವ ಕಾರ್ಡ್ ಆದರೆ ಲೆಕ್ಕ ಸುಲಭ. ವಾರ್ಷಿಕ ಶುಲ್ಕದ ಹತ್ತರಷ್ಟು ಹಣವನ್ನು ಅದೇ ಸರಪಳಿಯಲ್ಲಿ ಖರ್ಚು ಮಾಡಿದಾಗ ಶುಲ್ಕ ಮರಳುತ್ತದೆ, ಲಾಭ ಶುರುವಾಗುವುದು ಅದರ ನಂತರ. ಶುಲ್ಕ 40 ಡಾಲರ್ ಎಂದಿಟ್ಟುಕೊಳ್ಳಿ, ರಾತ್ರಿಗೆ 60 ಡಾಲರ್ ದರ ಎಂದಿಟ್ಟುಕೊಳ್ಳಿ. ಏಳನೆಯ ರಾತ್ರಿಗೆ ಹಾಕಿದ ಹಣ ವಾಪಸು ಬಂದಂತಾಗುತ್ತದೆ. ರಿಯಾಯಿತಿ ಸಾಮಾನ್ಯವಾಗಿ ಮೂಲ ದರಕ್ಕೆ ಮಾತ್ರ. ತೆರಿಗೆಗೆ, ಹೆಚ್ಚುವರಿ ಜನರ ಶುಲ್ಕಕ್ಕೆ, ಇಂಥದ್ದೇ ಸೈಟ್ (ಟೆಂಟ್ ಅಥವಾ ಟ್ರೇಲರ್ ನಿಲ್ಲಿಸುವ ತಾಣ) ಬೇಕೆಂದು ಹಿಡಿದಿಡಲು ಕೇಳುವ ಶುಲ್ಕಕ್ಕೆ ಅನ್ವಯಿಸುವುದಿಲ್ಲ. ಎರಡು ರಿಯಾಯಿತಿಗಳನ್ನು ಒಂದರ ಮೇಲೊಂದು ಪಡೆಯಲೂ ಬಿಡುವುದಿಲ್ಲ. ಇನ್ನೊಂದು ಮಾತು: ಹಲವು ಖಾಸಗಿ ಕ್ಯಾಂಪ್‌ಗ್ರೌಂಡ್‌ಗಳು ವಾಹನ ಸಂಘದ ಸದಸ್ಯರಿಗೆ, ಹಿರಿಯರಿಗೆ, ಮಾಜಿ ಸೈನಿಕರಿಗೆ ಕೇಳಿದರೆ ಅದೇ ಶೇ 10ನ್ನು ಬೇರೆ ಶುಲ್ಕವಿಲ್ಲದೆ ಕೊಡುತ್ತವೆ. ಹಾಗೆಯೇ ಸಿಗುವುದಕ್ಕೆ ವರ್ಷ ವರ್ಷ ಹಣ ಕಟ್ಟುವುದು ಬೇಡ.

ಈಗ ಕೆಒಎ ಎಂಬ ಖಾಸಗಿ ಕ್ಯಾಂಪ್‌ಗ್ರೌಂಡ್ ಸರಪಳಿ. ಅದರ ಹುಟ್ಟಿನಲ್ಲೇ ಅದು ಯಾರಿಗೆ ಒಪ್ಪುತ್ತದೆ ಎಂಬುದು ಗೊತ್ತಾಗುತ್ತದೆ. 1962ರಲ್ಲಿ ಸಿಯಾಟಲ್‌ನ ವಿಶ್ವ ಮೇಳಕ್ಕೆ ಹೊರಟವರ ಕಾರುಗಳು ಮೊಂಟಾನಾದ ಬಿಲ್ಲಿಂಗ್ಸ್ ಮೂಲಕ ಹಾದು ಹೋಗುತ್ತಿದ್ದಾಗ, ಅವರಿಗೆ ರಾತ್ರಿ ಇಳಿದುಕೊಳ್ಳಲು ಯೆಲ್ಲೋಸ್ಟೋನ್ ನದಿಯ ದಂಡೆಯಲ್ಲಿ ಒಂದು ಜಾಗ ಮಾಡಿಕೊಟ್ಟರು. ಅಲ್ಲಿಂದ ಬೆಳೆದು ಇಂದು ಅಮೆರಿಕ ಮತ್ತು ಕೆನಡಾದಲ್ಲಿ 500ಕ್ಕೂ ಹೆಚ್ಚು ಕ್ಯಾಂಪ್‌ಗ್ರೌಂಡ್‌ಗಳಾಗಿವೆ. ದಾರಿಹೋಕರಿಗಾಗಿ ಹುಟ್ಟಿದ ಆ ಗುಣ ಈಗಲೂ ಉಳಿದಿದೆ: ಹೆದ್ದಾರಿಗೆ ಹತ್ತಿರ, ಬಿಸಿನೀರಿನ ಸ್ನಾನ, ತಡರಾತ್ರಿ ಬಂದರೂ ಸೈಟ್. ಎರಡು ಸಾವಿರ ಮೈಲಿಯ ಪ್ರವಾಸಕ್ಕೆ ಹೊರಡುವ ವರ್ಷ ಕೆಒಎ ಕಾರ್ಡ್ ಕೊಳ್ಳಿ. ಶೇ 10 ರಿಯಾಯಿತಿಯ ಜೊತೆಗೆ ಪಾಯಿಂಟ್‌ಗಳೂ ಸೇರುತ್ತವೆ. ಪ್ರತಿ ವಾರಾಂತ್ಯ ಅದೇ ಕೆರೆ, ಅದೇ ಕಾಡು ಎನ್ನುವವರಿಗೆ ಅದು ಬೇಡ. ನಾನು ಅದನ್ನು ಉದ್ದದ ಪ್ರವಾಸವಿರುವ ವರ್ಷ ಮಾತ್ರ ಕೊಳ್ಳುತ್ತೇನೆ, ಹೊರಡುವ ವಾರದಲ್ಲಿ. ಜನವರಿಯಲ್ಲಿ ಕಟ್ಟಿ ಜುಲೈವರೆಗೆ ಕಾರ್ಡನ್ನು ಸುಮ್ಮನೆ ಇಟ್ಟುಕೊಂಡರೆ ಅರ್ಧ ವರ್ಷ ಹೋದಂತೆ. ಟ್ರೇಲರ್‌ನಂಥ ವಾಹನಗಳಲ್ಲಿ ತಿರುಗುವವರ ಕ್ಲಬ್ ಆದ ಗುಡ್ ಸ್ಯಾಮ್‌ನದೂ ಹೆಚ್ಚುಕಡಿಮೆ ಇದೇ ಲೆಕ್ಕ. ಅದರಲ್ಲಿ ಬೇರೆ ಬೇರೆ ಹಂತದ ಸದಸ್ಯತ್ವಗಳಿವೆ, ನಿಮ್ಮ ಹಂತಕ್ಕೆ ಏನು ಸಿಗುತ್ತದೆ ಎಂದು ಓದಿಕೊಳ್ಳಿ.

ಪಾಸ್‌ಪೋರ್ಟ್ ಅಮೆರಿಕ ಅರ್ಧ ದರದ ಕ್ಲಬ್. ರಾತ್ರಿಗೆ 50 ಡಾಲರ್ ಇರುವಲ್ಲಿ 25 ಉಳಿಯುವುದರಿಂದ ಎರಡು ಮೂರು ರಾತ್ರಿಗಳಲ್ಲೇ ಶುಲ್ಕ ತೀರುತ್ತದೆ. ಆದರೆ ಯಾವ ದಿನ, ಯಾವ ಋತು, ಎಷ್ಟು ರಾತ್ರಿ ಎಂಬುದನ್ನು ಆಯಾ ಕ್ಯಾಂಪ್‌ಗ್ರೌಂಡ್ ತಾನೇ ನಿರ್ಧರಿಸುತ್ತದೆ. ಒಮ್ಮೆ ಶುಕ್ರವಾರ ರಾತ್ರಿ ಒಂಬತ್ತಕ್ಕೆ, ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆಹೋಗಿದ್ದಾಗ, ಅಂಥ ಒಂದು ಜಾಗದ ಕಚೇರಿಯ ಮುಂದೆ ನಿಂತಿದ್ದೆ. ಕಾರ್ಡ್ ತೋರಿಸಿದೆ. ಗೋಡೆಯ ಮೇಲೆ ಅಂಟಿಸಿದ್ದ ಚೀಟಿಯತ್ತ ಕಚೇರಿಯಲ್ಲಿದ್ದ ಮಹಿಳೆ ಬೆರಳು ಮಾಡಿದರು: ಅರ್ಧ ದರ ಭಾನುವಾರದಿಂದ ಗುರುವಾರದವರೆಗೆ ಮಾತ್ರ. ಪೂರ್ತಿ ದರ ಕೊಟ್ಟು ಒಳಗೆ ಹೋದೆವು. ಅಂದಿನಿಂದ ನಾನು ಮೊದಲೇ ಫೋನ್ ಮಾಡುತ್ತೇನೆ. ತಾರೀಖು ಹೇಳಿ, ಕಾರ್ಡ್ ನಡೆಯುತ್ತದೆಯೇ ಎಂದು ಕೇಳಿ, ಮಾತನಾಡಿದವರ ಹೆಸರನ್ನು ಬರೆದಿಟ್ಟುಕೊಳ್ಳುತ್ತೇನೆ. ಶಾಲೆ, ಕೆಲಸ ಎಂದು ವಾರಾಂತ್ಯಕ್ಕೇ ಕಟ್ಟುಬಿದ್ದಿರುವ ಮನೆಗಿಂತ, ವಾರದ ನಡುವೆ ಹೊರಡಬಲ್ಲವರಿಗೆ ಈ ಕ್ಲಬ್ ನಿಜವಾಗಿ ಒದಗಿಬರುತ್ತದೆ.

ನಿಮ್ಮ ಪಟ್ಟಿಯಲ್ಲಿಲ್ಲದ ಒಂದು ಪಾಸ್ ಬಗ್ಗೆ ಹೇಳಲೇಬೇಕು, ಏಕೆಂದರೆ ನಿಮ್ಮ ಮನೆಗೆ ಎಲ್ಲಕ್ಕಿಂತ ಹೆಚ್ಚು ಉಳಿಸಿಕೊಡುವುದು ಅದೇ ಇರಬಹುದು. 62 ವರ್ಷ ತುಂಬಿದ ನಾಗರಿಕರಿಗೂ ಖಾಯಂ ನಿವಾಸಿಗಳಿಗೂ ಕೇಂದ್ರ ಸರ್ಕಾರ ಕೊಡುವ ಸೀನಿಯರ್ ಪಾಸ್. ಜೀವನಪರ್ಯಂತದ ಪಾಸಿಗೆ 80 ಡಾಲರ್, ಒಂದು ವರ್ಷದ್ದಕ್ಕೆ 20. ಅದು ರಾಷ್ಟ್ರೀಯ ಉದ್ಯಾನಗಳ ಗೇಟಿನಲ್ಲಿ ಪ್ರವೇಶಕ್ಕೆ ತೋರಿಸುವ ಕಾರ್ಡ್ ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಕೇಂದ್ರ ಸರ್ಕಾರದ ಅನೇಕ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸೈಟಿನ ದರವೂ ಅದರಿಂದ ಅರ್ಧವಾಗುತ್ತದೆ. ವಯಸ್ಸಿನ ಮಿತಿಯಿಲ್ಲದ 80 ಡಾಲರ್‌ನ ಸಾಮಾನ್ಯ ವಾರ್ಷಿಕ ಪಾಸಿಗೆ ಈ ಗುಣವಿಲ್ಲ, ಅದು ಪ್ರವೇಶಕ್ಕೆ ಮತ್ತು ಹಗಲಿನ ಬಳಕೆಯ ಶುಲ್ಕಕ್ಕೆ ಮಾತ್ರ. ಇಲ್ಲಿ ಹಲವರು ತಪ್ಪುತ್ತಾರೆ. ಶಾಶ್ವತ ಅಂಗವೈಕಲ್ಯ ಇರುವ ನಾಗರಿಕರಿಗೂ ಖಾಯಂ ನಿವಾಸಿಗಳಿಗೂ ಆಕ್ಸೆಸ್ ಪಾಸ್ ಉಚಿತವಾಗಿ ಸಿಗುತ್ತದೆ, ಸೈಟಿನ ರಿಯಾಯಿತಿ ಅದಕ್ಕೂ ಉಂಟು.

ಗ್ರೀನ್ ಕಾರ್ಡ್ ಇರುವ ಅಪ್ಪ ಅಮ್ಮಂದಿರು ಖಾಯಂ ನಿವಾಸಿಗಳೇ. ನಮ್ಮ ಅಪ್ಪನನ್ನು ಒಂದು ಉದ್ಯಾನದ ಗೇಟಿಗೆ ಕರೆದುಕೊಂಡು ಹೋದ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಗೇಟಿನಲ್ಲಿದ್ದ ಉದ್ಯಾನದ ಸಿಬ್ಬಂದಿ, ರೇಂಜರ್, ಅಪ್ಪನ ಗ್ರೀನ್ ಕಾರ್ಡಿನಲ್ಲಿ ಹುಟ್ಟಿದ ತಾರೀಖು ನೋಡಿ, 80 ಡಾಲರ್ ತೆಗೆದುಕೊಂಡು, ಹೊಸ ಪಾಸ್ ಮತ್ತು ಪೆನ್ನು ಕೈಗಿತ್ತು ಸಹಿ ಹಾಕಲು ಹೇಳಿದರು. ಅಪ್ಪ ಕಾರಿನ ಬಾಗಿಲಿಗೆ ಒರಗಿ, ಬ್ಯಾಂಕಿನ ಚೆಕ್ಕಿಗೆ ಹಾಕುವಷ್ಟೇ ಎಚ್ಚರದಿಂದ, ಎಂದಿನಂತೆ ಕನ್ನಡದಲ್ಲಿ ಸಹಿ ಹಾಕಿದರು. ರೇಂಜರ್ ಅದನ್ನು ಒಂದು ಕ್ಷಣ ನೋಡಿ, ಚೆನ್ನಾಗಿದೆ ಎಂದು ತಲೆದೂಗಿ ಹಿಂದಿರುಗಿಸಿದರು. ಆ ಬೇಸಿಗೆಯಲ್ಲಿ ಸೇನೆಯ ಇಂಜಿನಿಯರ್ ದಳ ನಡೆಸುವ ಜಲಾಶಯದ ದಡವೊಂದರಲ್ಲಿ, ವಿದ್ಯುತ್ ಸಂಪರ್ಕವಿದ್ದ 30 ಡಾಲರ್‌ನ ಸೈಟ್ ನಮಗೆ 15ಕ್ಕೆ ಸಿಕ್ಕಿತು. ಆರು ರಾತ್ರಿಗೆ ಪಾಸಿನ ಹಣ ಬಂದುಬಿಟ್ಟಿತು. ಪಾಸಿಗೆ ಕೊನೆಯ ದಿನವಿಲ್ಲ.

ಇದಕ್ಕೂ ನಿಯಮಗಳಿವೆ. ಪಾಸ್ ಯಾರದೋ ಅವರು ಆ ಸೈಟಿನಲ್ಲಿ ನಿಮ್ಮ ಜೊತೆ ತಂಗಿರಬೇಕು. ಅಪ್ಪನನ್ನು ಮನೆಯಲ್ಲಿ ಬಿಟ್ಟು ಅವರ ಪಾಸ್ ಹಿಡಿದು ಹೋಗುವಂತಿಲ್ಲ, ಹೋಗಲೂಬಾರದು. ಅರ್ಧ ದರ ಅವರಿರುವ ಒಂದು ಸೈಟಿಗೆ ಮಾತ್ರ. ಕೇಂದ್ರ ಸರ್ಕಾರದ ಬುಕಿಂಗ್ ತಾಣವಾದ ರೆಕ್ರಿಯೇಶನ್ ಡಾಟ್ ಗವ್‌ನಲ್ಲಿ ಬುಕ್ ಮಾಡುವಾಗಲೇ ಪಾಸಿನ ಸಂಖ್ಯೆ ನಮೂದಿಸಬೇಕು, ಅಲ್ಲಿ ಹೋದಾಗ ಪಾಸ್ ಮತ್ತು ಗುರುತಿನ ಚೀಟಿ ತೋರಿಸಬೇಕು. ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ಕೆಲವು ಜಾಗಗಳಲ್ಲಿ ರಿಯಾಯಿತಿ ನಡೆಯದೆ ಇರಬಹುದು, ರಾಜ್ಯ ಉದ್ಯಾನಗಳಿಗೆ ಈ ಪಾಸ್ ಸಂಬಂಧಿಸಿದ್ದಲ್ಲ. ನಿಮ್ಮ ತಂದೆ ತಾಯಿ ಪ್ರವಾಸಿ ವೀಸಾದ ಮೇಲೆ ಬರುವವರಾದರೆ ಅವರಿಗೆ ಇದು ಸಿಗುವುದಿಲ್ಲ.

ಥೌಸಂಡ್ ಟ್ರೇಲ್ಸ್ ಮಾದರಿಯ ಸದಸ್ಯತ್ವ ಬೇರೆಯೇ ಜಾತಿಯದು. ದೊಡ್ಡ ಮೊತ್ತ ಮೊದಲೇ ಕಟ್ಟಿ, ಆಮೇಲೆ ಅವರ ಜಾಗಗಳಲ್ಲಿ ರಾತ್ರಿಗೆ ಇಷ್ಟೆಂದು ಕೊಡದೆಯೇ ತಂಗಬಹುದು. ಮೂಲ ಪಾಸಿನಲ್ಲಿ ಒಂದು ಕಡೆ 14 ರಾತ್ರಿ ಇದ್ದರೆ 7 ರಾತ್ರಿ ಆ ವ್ಯವಸ್ಥೆಯಿಂದ ಹೊರಗಿರಬೇಕು. ಟ್ರೇಲರನ್ನೇ ಮನೆ ಮಾಡಿಕೊಂಡವರಿಗೆ ಇದು ವರವಾಗಬಹುದು, ಇಪ್ಪತ್ತು ರಾತ್ರಿಯವರಿಗಲ್ಲ. ಇಂಥದ್ದೇ ಮತ್ತೊಂದು ಸಂಸ್ಥೆ ಒಮ್ಮೆ ನಮ್ಮನ್ನು ಎರಡು ಉಚಿತ ರಾತ್ರಿಗೆ ಕರೆದು, ತೊಂಬತ್ತು ನಿಮಿಷದ ಮಾತು ಎಂದು ಹೇಳಿ ಮೂರು ಗಂಟೆ ಕೂರಿಸಿತು. ಇವತ್ತಿಗೆ ಮಾತ್ರ ಈ ದರ ಎಂದರು. ದಣಿದಿದ್ದೆವು, ಸಹಿ ಹಾಕಿಬಿಟ್ಟೆವು: ಮೊದಲಿಗೆ 6,000 ಡಾಲರ್, ಆಮೇಲೆ ವರ್ಷಕ್ಕೆ 700. ರಾತ್ರಿ ಟ್ರೇಲರಿನ ಮೇಜಿನ ಮೇಲೆ ನಾನೂ ನನ್ನ ಪತಿಯೂ ಲೆಕ್ಕ ಹಾಕಿದೆವು. ಹತ್ತು ವರ್ಷಕ್ಕೆ 13,000 ಡಾಲರ್, ಅಂದರೆ ವರ್ಷಕ್ಕೆ 1,300. ನಮ್ಮ ಹದಿನೆಂಟು ರಾತ್ರಿಗೆ ಹಂಚಿದರೆ ರಾತ್ರಿಗೆ 72 ಡಾಲರ್. ಯಾವ ಸದಸ್ಯತ್ವವೂ ಇಲ್ಲದೆ ನಾವು ಕೊಡುತ್ತಿದ್ದುದು 50. ಒಪ್ಪಂದದಲ್ಲಿ ರದ್ದು ಮಾಡಲು ಕೆಲವೇ ದಿನಗಳ ಅವಧಿ ಇತ್ತು. ಮರುದಿನವೇ ಪತ್ರ ಬರೆದು, ತಲುಪಿದ್ದಕ್ಕೆ ರಸೀದಿ ಬರುವ ಅಂಚೆಯಲ್ಲಿ ಕಳಿಸಿದೆವು. ಹಣ ಮರಳಿತು. ಅಂಥ ಕೋಣೆಯಲ್ಲಿ ಯಾರಾದರೂ ಇವತ್ತೇ ಎಂದರೆ, ದಯವಿಟ್ಟು ಎದ್ದು ಹೊರಗೆ ಬನ್ನಿ.

ಪಾಯಿಂಟ್‌ಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಕೂಡಿಡಬೇಡಿ, ಬಳಸುವಷ್ಟು ಆದ ಕೂಡಲೇ ಬಳಸಿ. ಅವಧಿ ಮುಗಿದು ಅಳಿಸಿಹೋಗುವುದುಂಟು, ನಿಯಮ ಬದಲಾಗುವುದೂ ಉಂಟು. ಬುಕಿಂಗನ್ನು ಆ ಸರಪಳಿಯ ಸ್ವಂತ ತಾಣದಲ್ಲೇ, ಲಾಗಿನ್ ಆಗಿ ಮಾಡಿ. ಮಧ್ಯವರ್ತಿ ತಾಣಗಳ ಮೂಲಕ ಮಾಡಿದ ಬುಕಿಂಗಿಗೆ ಹಲವು ಕಡೆ ಪಾಯಿಂಟೂ ಇಲ್ಲ, ರಿಯಾಯಿತಿಯೂ ಇಲ್ಲ. ರದ್ದತಿ ಶುಲ್ಕವನ್ನೂ ನೋಡಿಕೊಳ್ಳಿ. 6 ಡಾಲರ್ ಉಳಿಸಲು ಹೋಗಿ, ಮಗುವಿಗೆ ಜ್ವರ ಬಂದ ವಾರ 20 ಡಾಲರ್ ಕಳೆದುಕೊಂಡವಳು ನಾನು.

ಹಾರ್ವೆಸ್ಟ್ ಹೋಸ್ಟ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಾರ್ಷಿಕ ಶುಲ್ಕ ಕಟ್ಟಿದರೆ ತೋಟ, ದ್ರಾಕ್ಷಾರಸದ ಘಟಕಗಳಂಥ ಕಡೆ ಒಂದು ರಾತ್ರಿ ಬಾಡಿಗೆಯಿಲ್ಲದೆ ನಿಲ್ಲಬಹುದು. ಅವರಲ್ಲಿ ಏನಾದರೂ ಕೊಳ್ಳುವುದು ಸೌಜನ್ಯ. ಶೌಚಾಲಯ, ನೀರಿನ ತೊಟ್ಟಿ ವಾಹನದೊಳಗೇ ಇರಬೇಕು. ನಿಮ್ಮ ಟ್ರೇಲರಿನಲ್ಲಿ ಅವು ಇವೆಯೇ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ, ಈ ವರ್ಷ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಇದ್ದರೆ ಮೊದಲು ಸೀನಿಯರ್ ಪಾಸ್ ಕೊಳ್ಳುತ್ತಿದ್ದೆ. ಅವರಿರುವ ತಿಂಗಳುಗಳ ರಾತ್ರಿಗಳನ್ನು ಇಂಜಿನಿಯರ್ ದಳದ ಜಲಾಶಯಗಳಿಗೂ ರಾಷ್ಟ್ರೀಯ ಅರಣ್ಯಗಳಿಗೂ ತಿರುಗಿಸುತ್ತಿದ್ದೆ. ಅಲ್ಲಿ ಹಲವು ಸೈಟ್‌ಗಳ ಬುಕಿಂಗ್ ಆರು ತಿಂಗಳು ಮೊದಲೇ ತೆರೆಯುತ್ತದೆ, ಬೇಸಿಗೆಯ ವಾರಾಂತ್ಯಗಳು ಬೇಗ ತುಂಬುತ್ತವೆ. ಖಾಸಗಿ ಕಾರ್ಡ್ ಕೊಳ್ಳುವುದಾದರೆ ಒಂದೇ ಒಂದು, ಅದೂ ದಾರಿಯ ನಕ್ಷೆ ಹಾಕಿ, ಆ ಸರಪಳಿಯಲ್ಲಿ ಏಳಕ್ಕಿಂತ ಹೆಚ್ಚು ರಾತ್ರಿ ಬಂದರೆ ಮಾತ್ರ. ಕಳೆದ ವರ್ಷದ ಪಟ್ಟಿ ತಯಾರಾದ ಮೇಲೆ ಇಲ್ಲೇ ಕೆಳಗೆ ಬರೆಯಿರಿ. ಎಲ್ಲಿ ಎಷ್ಟು ಉಳಿಯುತ್ತದೆ ಎಂದು ಒಟ್ಟಿಗೆ ಕೂತು ನೋಡೋಣ.