ಖಾಲಿ ಕಾಣುವ ಸಾಲಿಗೂ ‘ಇದೆ’ ಬರುತ್ತಿದೆ, ಯಾಕೆ?

ಪ್ರಶ್ನೆ: ನಮ್ಮೂರ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಸದಸ್ಯರು 400. ಎಕ್ಸೆಲ್ ಹಾಳೆಯಲ್ಲಿ ಎ ಕಾಲಂ ಸದಸ್ಯ ಸಂಖ್ಯೆ, ಬಿ ಹೆಸರು, ಸಿ ಮತ್ತು ಡಿ ಬೆಳಿಗ್ಗೆ, ಸಂಜೆಯ ಲೀಟರ್, ಇ ಮೊತ್ತ (ತಾನೇ ಲೆಕ್ಕ ಹಾಕುತ್ತದೆ), ಎಫ್ ಷರಾ. ಆ ದಿನ ಏನಾದರೂ ನಮೂದಾದ ಸಾಲಿಗೆ ಮಾತ್ರ ಜಿ ಕಾಲಂನಲ್ಲಿ ‘ಇದೆ’ ಬರಲೆಂದು ಸಿ2:ಎಫ್2ಕ್ಕೆ, ಖಾಲಿಯಲ್ಲದ ಸೆಲ್ ಎಣಿಸುವ ಕೌಂಟ್‌ಎ ಹಾಕಿದೆ. ಹಾಲು ಹಾಕದವರಿಗೂ ‘ಇದೆ’ ಬರುತ್ತಿದೆ. ಎಲ್ಲಿ ತಪ್ಪಿದೆ ಸರ್?

ಉತ್ತರ: ತಪ್ಪಿರುವುದು ಇ ಕಾಲಂನಲ್ಲಿ. ಲೀಟರ್ ಇಲ್ಲದಿದ್ದರೆ ಮೊತ್ತ ಖಾಲಿ ಕಾಣಲಿ ಎಂದು ಅಲ್ಲಿನ ಸೂತ್ರದಲ್ಲಿ "" (ನಡುವೆ ಏನೂ ಇಲ್ಲದ ಉದ್ಧರಣ ಚಿಹ್ನೆ) ಕೊಟ್ಟಿರುತ್ತೀರಿ. ಕಣ್ಣಿಗೆ ಅದು ಖಾಲಿ. ಆದರೆ ಸೆಲ್‌ನೊಳಗೆ ಸೂತ್ರ ಕೂತಿದೆಯಲ್ಲ, ಕೌಂಟ್‌ಎ ಅದನ್ನು ಎಣಿಸಿಬಿಡುತ್ತದೆ. ತಮಾಷೆ ಎಂದರೆ, ಅದೇ ಸೆಲ್ಲನ್ನು ಕೌಂಟ್‌ಬ್ಲಾಂಕ್ ಖಾಲಿ ಎಂದೇ ಎಣಿಸುತ್ತದೆ!

ಹಾಗಾಗಿ ಲೆಕ್ಕದಿಂದ ಬರುವ ಕಾಲಂ ಬಿಡಿ, ಕೈಯಿಂದ ತುಂಬುವುದನ್ನು ಮಾತ್ರ ನೋಡಿ. ಲೀಟರಿಗೆ ಕೌಂಟ್ ಸಾಕು. ಅದು ಅಂಕಿಯನ್ನಷ್ಟೇ ಎಣಿಸುತ್ತದೆ. ಯಾರೋ ಒತ್ತಿದ ಸ್ಪೇಸ್, ‘ಇಲ್ಲ’ ಎನ್ನಲು ಹಾಕಿದ ಅಡ್ಡಗೆರೆ ಅದಕ್ಕೆ ಲೆಕ್ಕಕ್ಕಿಲ್ಲ. ಷರಾ ಅಕ್ಷರದಲ್ಲಿರುವುದರಿಂದ ಅಲ್ಲಿ ಸ್ಪೇಸ್ ತೆಗೆದು ಉದ್ದ ನೋಡಬೇಕು. ಜಿ2ರಲ್ಲಿ ಹೀಗೆ ಬರೆಯಿರಿ (ಟೈಪ್ ಮಾಡುವಾಗ ಸೂತ್ರದ ಹೆಸರುಗಳು, ಕಾಲಂ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿರಲಿ: ಕ್ರಮವಾಗಿ IF, OR, COUNT, LEN, TRIM, SUBSTITUTE, UNICHAR):

=ಇಫ್(ಆರ್(ಕೌಂಟ್(ಸಿ2:ಡಿ2)>0,ಲೆನ್(ಟ್ರಿಮ್(ಸಬ್‌ಸ್ಟಿಟ್ಯೂಟ್(ಎಫ್2,ಯುನಿಚಾರ್(160),"")))>0),"ಇದೆ","")

160 ಯಾಕೆಂದರೆ, ವೆಬ್ ಪುಟದಿಂದ ಕಾಪಿ ಮಾಡಿದ ಬರಹದ ಜೊತೆ ಬೇರೊಂದು ಜಾತಿಯ ಸ್ಪೇಸ್ ಬಂದು ಸೇರುತ್ತದೆ. ಅದರ ಸಂಖ್ಯೆ 160. ಸ್ಪೇಸ್ ತೆಗೆಯುವ ಟ್ರಿಮ್‌ಗೆ ಅದು ಬಗ್ಗುವುದಿಲ್ಲ. ಸಂಖ್ಯೆ ಕೊಟ್ಟರೆ ಆ ಅಕ್ಷರ ಕೊಡುವ ಯುನಿಚಾರ್ ಸಿಗುವುದು ಎಕ್ಸೆಲ್ 2013ರಿಂದ ಈಚೆಗೆ. ಗೂಗಲ್ ಶೀಟ್ಸ್‌ನಲ್ಲೂ ಇದೆ.

ಸೊನ್ನೆಯ ವಿಷಯ ನೀವೇ ತೀರ್ಮಾನಿಸಬೇಕು. ಮೇಲಿನ ಸೂತ್ರ 0 ಇದ್ದರೂ ‘ಇದೆ’ ಅನ್ನುತ್ತದೆ. ‘ಬಂದು ನೋಡಿದೆವು, ಹಾಲಿಲ್ಲ’ ಎಂಬುದಕ್ಕೆ ನಿಮ್ಮಲ್ಲಿ 0 ಬರೆಯುವುದಾದರೆ ಅದೇ ಸರಿ. ಬೇಡವೆಂದರೆ ಕೌಂಟ್ ಭಾಗದ ಬದಲು ಕೌಂಟ್‌ಇಫ್(ಸಿ2:ಡಿ2,">0")>0 ಹಾಕಿ. ಎರಡರಲ್ಲೂ ಒಂದು ಅಪಾಯವಿದೆ: ಯಾರಾದರೂ ‘5 ಲೀ.’ ಎಂದು ಬರೆದಿದ್ದರೆ ಅದು ಅಕ್ಷರವಾಗುತ್ತದೆ, ಆ ಸದಸ್ಯರ ಹಾಲೇ ಬಿಟ್ಟುಹೋಗುತ್ತದೆ. ಆ ಎರಡು ಕಾಲಂಗೆ ಡೇಟಾ ವ್ಯಾಲಿಡೇಶನ್ ಕೊಟ್ಟು ಅಂಕಿ ಬಿಟ್ಟು ಬೇರೇನೂ ಟೈಪ್ ಆಗದಂತೆ ಮಾಡಿ.

ಬಣ್ಣ ಬೇಕಿದ್ದರೆ ಎ2:ಜಿ401 ಆಯ್ದು, ಷರತ್ತಿಗೆ ತಕ್ಕಂತೆ ಬಣ್ಣ ಕೊಡುವ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ =$ಜಿ2="ಇದೆ" ಕೊಡಿ. ಡಾಲರ್ ಮರೆತರೆ ಬಣ್ಣ ಇಡೀ ಸಾಲಿಗೆ ಹರಡುವುದಿಲ್ಲ.

ಇನ್ನು ಇವತ್ತು ಎಷ್ಟು ಜನರ ನಮೂದು ಆಯಿತೆಂದು ಎಣಿಸಲು ಜಿ ಕಾಲಂಗೆ ಮತ್ತೆ ಕೌಂಟ್‌ಎ ಹಾಕಬೇಡಿ, ಅಲ್ಲೂ "" ಇದೆಯಲ್ಲ, 400 ಎಂದೇ ಹೇಳುತ್ತದೆ. ಕೌಂಟ್‌ಇಫ್(ಜಿ2:ಜಿ401,"ಇದೆ") ಹಾಕಿ.