ಬೋಧಿಸಲು ಬಾರದವರು ಬೇಸಿಗೆಯ ಯುವಜನ ಸೇವೆಯಲ್ಲಿ ಏನು ಮಾಡಬಹುದು?

ಕಾಲೇಜಿನ ಎರಡನೆಯ ವರ್ಷ ಮುಗಿಸಿರುವ ನೀವು ಕ್ರೈಸ್ತ ಯುವಜನ ಸೇವೆಯೊಂದರಲ್ಲಿ ಆರು ವಾರ ಸ್ವಯಂಸೇವಕರಾಗಿರಲು ಒಪ್ಪಿಕೊಂಡಿದ್ದೀರಿ. ಆದರೆ ಬೋಧಿಸಲು ಬರುವುದಿಲ್ಲ, ಹಾಡಲು ಬರುವುದಿಲ್ಲ, ಸತ್ಯವೇದವನ್ನು ಪೂರ್ತಿಯಾಗಿ ಓದಿಯೂ ಇಲ್ಲ, ಹೀಗಿರುವಾಗ ನನ್ನಿಂದ ಏನು ಪ್ರಯೋಜನವೆಂದು ಕೇಳಿದ್ದೀರಿ. ನಾನು ನಾಲ್ಕು ಬೇಸಿಗೆಗಳಲ್ಲಿ ಈ ಸೇವೆ ಮಾಡಿದ್ದೇನೆ. ಮೊದಲ ಸಲ ಹೊರಟಾಗ ನನಗೂ ಇದೇ ಅಳುಕು ಇತ್ತು. ಸ್ವಯಂಸೇವಕರ ಮುಖ್ಯ ಕೆಲಸ ವೇದಿಕೆಯ ಮೇಲೆ ನಡೆಯುವುದೇ ಇಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಏಳೆಂಟು ಮಕ್ಕಳ ಒಂದು ಗುಂಪನ್ನು ನಿಮಗೆ ಒಪ್ಪಿಸುತ್ತಾರೆ. ಅವರನ್ನು ಹೆಸರು ಹಿಡಿದು ಕರೆಯುವುದು, ಅವರೊಡನೆ ಕೂತು ಊಟ ಮಾಡುವುದು, ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳುವುದು, ಆರು ವಾರಗಳಲ್ಲಿ ನೀವು ಮಾಡುವ ಕೆಲಸದ ಬಹುಪಾಲು ಇದೇ ಆಗಿರುತ್ತದೆ.

ಈ ಸೇವೆ ಹುಟ್ಟಿದ್ದೂ ಹೀಗೆಯೇ. ಜೊಸಾಯ ಸ್ಪಿಯರ್ಸ್ ಎಂಬುವರು 1868ರಲ್ಲಿ ವೇಲ್ಸ್‌ನ ಲ್ಯಾಂಡುಡ್ನೋ ಕಡಲತೀರದಲ್ಲಿ, ರಜೆ ಕಳೆಯಲು ಬಂದಿದ್ದ ಮಕ್ಕಳ ನಡುವೆ, ಮರಳಿನ ಮೇಲೆ ‘ದೇವರು ಪ್ರೀತಿಸ್ವರೂಪಿ’ ಎಂಬ ಮಾತನ್ನು ಬರೆದು, ಆ ಅಕ್ಷರಗಳನ್ನು ದಡದಲ್ಲಿ ಸಿಕ್ಕ ವಸ್ತುಗಳಿಂದ ಅಲಂಕರಿಸಲು ಮಕ್ಕಳನ್ನು ಕರೆದರು. ಅನಂತರ ಅವರಿಗೆ ಕಥೆ ಹೇಳಿದರು. ಆ ಕಾಲದ ಇಂಥ ಮಕ್ಕಳ ಕೂಟಗಳಿಂದಲೇ ಮುಂದೆ ಸ್ಕ್ರಿಪ್ಚರ್ ಯೂನಿಯನ್ ಎಂಬ ಕ್ರೈಸ್ತ ಸಂಸ್ಥೆ ಬೆಳೆಯಿತು. ಶಾಲೆಗೆ ರಜೆ ಸಿಕ್ಕಿದಾಗ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ, ಬೇರೆ ಜಾಗ ಸಿಗದೆ, ಬಿಯರ್ ಮಾರುವ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು ಸತ್ಯವೇದ ಶಾಲೆ ನಡೆಸಿದರು, ಇಂದು ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್) ಎಂದು ಕರೆಯುವ ರಜಾಕಾಲದ ಶಾಲೆಯ ಆರಂಭದ ಪ್ರಯತ್ನಗಳಲ್ಲಿ ಅದೂ ಒಂದು. 1844ರಲ್ಲಿ ಲಂಡನ್ನಿನಲ್ಲಿ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘ ಕಟ್ಟಿದ ಜಾರ್ಜ್ ವಿಲಿಯಮ್ಸ್ ಆಗ 22 ವರ್ಷದ ತರುಣ, ಬಟ್ಟೆ ಮಳಿಗೆಯ ಕೆಲಸಗಾರ. ನಿಮ್ಮ ವಯಸ್ಸಿಗೂ ಅವರ ವಯಸ್ಸಿಗೂ ಹೆಚ್ಚು ಅಂತರವಿರಲಾರದು. ಈ ಮೂವರಲ್ಲಿ ಒಬ್ಬರೂ ದೀಕ್ಷೆ ಪಡೆದ ಸಭಾಪಾಲಕರಾಗಿರಲಿಲ್ಲ.

ನನ್ನ ಎರಡನೆಯ ಬೇಸಿಗೆಯಲ್ಲಿ ಗುಂಪಿನಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನಿದ್ದ. ಹಾಡುವಾಗ ಬಾಯಿ ತೆರೆಯುತ್ತಿರಲಿಲ್ಲ, ಪ್ರಶ್ನೆ ಕೇಳಿದರೆ ನೆಲ ನೋಡುತ್ತಿದ್ದ. ಆದರೆ ಸಂಜೆ ಆಟ ಮುಗಿದ ಮೇಲೆ, ಮೈದಾನದ ಸುತ್ತ ಗಡಿಯಾಗಿ ಕಟ್ಟಿದ್ದ ಹಗ್ಗವನ್ನು ಬಿಚ್ಚಿ ಸುತ್ತಲು ತಾನಾಗಿಯೇ ಬರುತ್ತಿದ್ದ. ನಾನು ಒಂದು ತುದಿಯನ್ನು ಅಂಗೈ ಮತ್ತು ಮೊಣಕೈಗೆ ಸುತ್ತುತ್ತಾ ನಿಂತರೆ, ಅವನು ಇನ್ನೊಂದು ತುದಿಯನ್ನು ಹಿಡಿದು, ಹಗ್ಗ ಸಿಕ್ಕಾಗದಂತೆ ನಿಧಾನವಾಗಿ ನನ್ನ ಕಡೆಗೆ ನಡೆದು ಬರುತ್ತಿದ್ದ. ಒಂಬತ್ತನೆಯ ಸಂಜೆ ಅವನು ನಡುದಾರಿಯಲ್ಲೇ ನಿಂತು, ‘ಮನೆ ಬಿಟ್ಟು ಹೋದವರನ್ನು ದೇವರು ಕ್ಷಮಿಸುತ್ತಾನಾ?’ ಎಂದು ಕೇಳಿದ. ಆ ದಿನ ಬೆಳಿಗ್ಗೆಯಷ್ಟೇ ನಾವು ಲೂಕನ ಸುವಾರ್ತೆಯ 15ನೆಯ ಅಧ್ಯಾಯದಿಂದ, ಮನೆ ಬಿಟ್ಟು ಹೋಗಿ ತಿರುಗಿ ಬಂದಾಗ ತಂದೆ ಕ್ಷಮಿಸಿದ ಮಗನ ಸಾಮ್ಯಕಥೆಯನ್ನು ಕಲಿಸಿದ್ದೆವು. ‘ಖಂಡಿತ ಕ್ಷಮಿಸುತ್ತಾನೆ’ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಏನೋ ತಡೆದಂತಾಗಿ, ‘ಯಾರು ಹೋದರಪ್ಪಾ?’ ಎಂದೆ. ‘ಅಪ್ಪ’ ಎಂದ. ಸ್ವಲ್ಪ ಹೊತ್ತಿನ ಮೇಲೆ, ‘ಕ್ಷಮಿಸಬಾರದು’ ಎಂದೂ ಹೇಳಿದ.

ನನ್ನ ಸಿದ್ಧ ಉತ್ತರವನ್ನು ಹೇಳಿಬಿಟ್ಟಿದ್ದರೆ, ದೇವರೂ ಅಪ್ಪನ ಕಡೆಗೇ ಇದ್ದಾನೆ, ಅಮ್ಮನ ಪರವಾಗಿ ಯಾರೂ ಇಲ್ಲ ಎಂದು ಆ ಮಗು ತಿಳಿದುಕೊಳ್ಳುತ್ತಿತ್ತು ಎಂಬುದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ. ನಾನು ವಾದಿಸಲಿಲ್ಲ. ಎಲ್ಲರಿಗೂ ಕಾಣುವಂತೆ ಮೈದಾನದ ಮೆಟ್ಟಿಲ ಮೇಲೆ ಕೂತು, ‘ಇನ್ನೂ ಎಷ್ಟು ಕಾಲ’ ಎಂದು ದೇವರನ್ನೇ ಮತ್ತೆ ಮತ್ತೆ ಕೇಳುವ ಸತ್ಯವೇದದ 13ನೆಯ ಕೀರ್ತನೆಯನ್ನು ಇಬ್ಬರೂ ಓದಿದೆವು. ಅದು ಆರೇ ವಚನಗಳ ಕೀರ್ತನೆ. ಅವನು ಅದನ್ನು ಎರಡು ಸಲ ಓದಿ, ‘ದೇವರಿಗೆ ಹೀಗೆಲ್ಲಾ ಹೇಳಬಹುದಾ?’ ಎಂದ. ಸಮುವೇಲನ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಮುದುಕನಾದ ಯಾಜಕ ಏಲಿಯು, ದೇವರ ಕರೆಯನ್ನು ಏಲಿಯ ಕರೆಯೆಂದುಕೊಂಡು ರಾತ್ರಿ ಮತ್ತೆ ಮತ್ತೆ ಎದ್ದು ಬಂದ ಬಾಲಕ ಸಮುವೇಲನಿಗೆ ದೇವರ ಮಾತನ್ನು ತಾನೇ ಹೇಳಲು ಹೋಗದೆ, ಮತ್ತೊಮ್ಮೆ ಕರೆ ಕೇಳಿಸಿದರೆ ಹೇಗೆ ಓಗೊಡಬೇಕೆಂದು ಮಾತ್ರ ಕಲಿಸಿ ಮಲಗಲು ಕಳುಹಿಸುತ್ತಾನೆ. ಸ್ವಯಂಸೇವಕರಿಗೆ ಮಾದರಿಯಾಗಬಲ್ಲ ಭಾಗ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಆದರೆ ಕೇಳಿಸಿಕೊಳ್ಳುವುದೆಂದರೆ ಗುಟ್ಟು ಕಾಯುವುದಲ್ಲ. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಯಾರಾದರೂ ತನಗೆ ಹೊಡೆಯುತ್ತಿದ್ದಾರೆ, ಅಸಭ್ಯವಾಗಿ ಮುಟ್ಟುತ್ತಿದ್ದಾರೆ ಎಂದೋ, ಬದುಕುವುದೇ ಬೇಡ ಅನ್ನಿಸುತ್ತಿದೆ ಎಂದೋ ಒಂದು ಮಗು ಹೇಳಲು ತೊಡಗಬಹುದು; ಅದಕ್ಕೆ ಮೊದಲು ‘ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಿ’ ಎಂದೂ ಬೇಡಬಹುದು. ಆ ಮಾತನ್ನು ಕೊಡಬೇಡಿ. ‘ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ’ ಎಂದು ಆರಂಭದಲ್ಲೇ ತಿಳಿಸಿ, ಶಾಂತವಾಗಿ ಕೇಳಿ, ಪೊಲೀಸರಂತೆ ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕದೆ, ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟು, ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರಿಗೆ ಅಂದೇ ತಲುಪಿಸಬೇಕು. ಅಂಥ ಹೊಣೆಗಾರರು ಯಾರೆಂದು ಸೇರುವ ಮೊದಲೇ ಕೇಳಿ. ಉತ್ತರ ಸಿಗದ ಸಂಸ್ಥೆಯಾದರೆ, ಅದು ಎಷ್ಟೇ ಭಕ್ತಿಯುಳ್ಳದ್ದಾಗಿರಲಿ, ಅಲ್ಲಿಗೆ ಹೋಗಬೇಡಿ ಎಂದೇ ನನ್ನ ಸಲಹೆ. ಮುಚ್ಚಿದ ಬಾಗಿಲ ಹಿಂದೆ ಒಂದು ಮಗುವಿನೊಡನೆ ಒಬ್ಬರೇ ಇರಬಾರದು, ಮಕ್ಕಳ ಜೊತೆ ಫೋನಿನಲ್ಲಿ ಖಾಸಗಿಯಾಗಿ ಸಂದೇಶ ಕಳುಹಿಸಬಾರದು, ಪೋಷಕರ ಒಪ್ಪಿಗೆಯಿಲ್ಲದೆ ಫೋಟೊ ಹಂಚಿಕೊಳ್ಳಬಾರದು ಎಂಬ ನಿಯಮಗಳು ನಿಮ್ಮ ಮೇಲಿನ ಅನುಮಾನದಿಂದ ಬಂದವುಗಳಲ್ಲ; ಮಕ್ಕಳನ್ನೂ ನಿಮ್ಮನ್ನೂ ಒಟ್ಟಿಗೆ ಕಾಯುವ ನಿಯಮಗಳವು.

ಕೊನೆಯ ರಾತ್ರಿಯ ಕೂಟದ ಬಗ್ಗೆಯೂ ಒಂದು ಮಾತು ಹೇಳಬೇಕು. ಹಾಡು, ಮಂದ ಬೆಳಕು, ದಣಿವು, ನಾಳೆ ಅಗಲಬೇಕೆಂಬ ದುಃಖ ಇವೆಲ್ಲ ಕೂಡಿದಾಗ ಮಕ್ಕಳು ಅಳುತ್ತಾರೆ, ಯೇಸುವನ್ನು ನಂಬುವವರು ಕೈ ಎತ್ತಿ ಎಂದು ಕೇಳಿದರೆ ಕೈ ಎತ್ತುತ್ತಾರೆ. ಎಷ್ಟು ಕೈಗಳು ಎದ್ದವೆಂದು ಎಣಿಸುವ ಅಭ್ಯಾಸ ನನಗೆ ಒಪ್ಪಿಗೆಯಾಗಿಲ್ಲ. ನನಗೆ ಸುವಾರ್ತೆ ಬದುಕಿನಷ್ಟೇ ಬೆಲೆಯುಳ್ಳದ್ದು; ಆದ್ದರಿಂದಲೇ, ಗೆಳೆಯನು ಎತ್ತಿದನೆಂದು ಎತ್ತಿದ ಕೈಯನ್ನು ನಾನು ನಂಬಿಕೆಯ ಲೆಕ್ಕಕ್ಕೆ ಸೇರಿಸಲಾರೆ. ಬೇರೆ ಧರ್ಮದ ಮನೆಗಳಿಂದ ಬಂದ ಮಕ್ಕಳಿದ್ದರೆ, ಇಲ್ಲಿ ಏನನ್ನು ಕಲಿಸುತ್ತಾರೆಂಬುದು ಅವರ ತಂದೆತಾಯಿಗಳಿಗೆ ಮೊದಲೇ ಸ್ಪಷ್ಟವಾಗಿ ತಿಳಿದಿರಬೇಕು.

ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬಾರದೆಂದು ಹೇಳುತ್ತಿದ್ದೇನೆ. ಮೊದಲ ಬೇಸಿಗೆಯ ಕೊನೆಯ ದಿನ, ನನ್ನನ್ನು ಬಿಡದೆ ಹಿಡಿದುಕೊಂಡ ಪುಟ್ಟ ಹುಡುಗಿಯೊಬ್ಬಳಿಗೆ ‘ಮುಂದಿನ ವರ್ಷ ನಾನೇ ನಿನ್ನ ಗುಂಪಿಗೆ ಬರುತ್ತೇನೆ’ ಎಂದು ಹೇಳಿಬಿಟ್ಟೆ. ಮರುವರ್ಷ ನನ್ನನ್ನು ಬೇರೆಡೆಗೆ ಕಳುಹಿಸಿದರು. ಅವಳು ಮೊದಲ ದಿನವಿಡೀ ಬಾಗಿಲ ಬಳಿಯೇ ಕಾದಿದ್ದಳೆಂದು ಜೊತೆಯ ಸ್ವಯಂಸೇವಕರು ಅನಂತರ ತಿಳಿಸಿದರು. ಬೇಸಿಗೆಯಲ್ಲಿ ಬಂದು ಹೋಗುವವರು ನಾವು. ವರ್ಷವಿಡೀ ಅಲ್ಲಿರುವವರು ಸಂಡೆ ಸ್ಕೂಲಿನ ಶಿಕ್ಷಕರು, ಸಭೆಯ ಹಿರಿಯರು. ಆದ್ದರಿಂದ ನಾಲ್ಕನೆಯ ವಾರದಿಂದಲೇ ಪ್ರತಿ ಮಗುವಿಗೂ ಅಂಥವರೊಬ್ಬರ ಪರಿಚಯ ಗಟ್ಟಿಯಾಗುವಂತೆ ನೋಡಿಕೊಳ್ಳಿ, ನೀವು ಹೊರಡುವ ದಿನವನ್ನು ಮಕ್ಕಳಿಂದ ಮರೆಮಾಚಬೇಡಿ. ಹಗ್ಗ ಸುತ್ತುತ್ತಿದ್ದ ಹುಡುಗನ ವಿಷಯದಲ್ಲಿ, ಅವನನ್ನು ಕೇಳಿಯೇ, ಅವನ ಸಂಡೆ ಸ್ಕೂಲಿನ ಶಿಕ್ಷಕರಿಗೆ ಮಾತು ತಿಳಿಸಿದ್ದೆ. ಕೊನೆಯ ವಾರ ನನ್ನ ಬದಲು ಅವರೇ ಹಗ್ಗದ ತುದಿ ಹಿಡಿದರು.

ಹೊರಡಲು ಇನ್ನೂ ಮೂರು ವಾರವಿದೆ ಎಂದು ಬರೆದಿದ್ದೀರಿ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ. ದಿನಕ್ಕೊಂದರಂತೆ ಓದಿ, ಹನ್ನೆರಡು ವರ್ಷದ ಮಗುವಿಗೆ ಅಲ್ಲಿ ಯಾವ ಪ್ರಶ್ನೆ ಏಳಬಹುದೆಂದು ಪಕ್ಕದಲ್ಲಿ ಬರೆದುಕೊಳ್ಳಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ನಿಮ್ಮ ಸಭಾಪಾಲಕರ ಬಳಿಗೆ ಒಯ್ಯಿರಿ. ಗುಂಪಿನ ಮಕ್ಕಳ ಹೆಸರಿನ ಪಟ್ಟಿ ಮೊದಲೇ ಸಿಗುವುದಾದರೆ ತರಿಸಿಕೊಂಡು, ಅವರು ಬಂದು ಸೇರುವ ದಿನದವರೆಗೆ ಒಂದೊಂದೇ ಹೆಸರನ್ನು ಎತ್ತಿ ಹೇಳಿ ಪ್ರಾರ್ಥಿಸಿ. ಬಾಗಿಲಲ್ಲಿ ಅವರನ್ನು ಎದುರುಗೊಳ್ಳುವಾಗ ಆ ಹೆಸರುಗಳು ನಿಮ್ಮ ಬಾಯಲ್ಲಿ ಆಗಲೇ ಇರುತ್ತವೆ.